ಕುದುರೆ ಏರಿ ಬಂದ ಚರಿತ್ರೆ

ಕೇಳುಗರೇ, ನಮಸ್ಕಾರ.

1806ರ ಅಕ್ಟೋಬರ್ 13. ಜರ್ಮನಿಯ ಯೇನಾ ಎಂಬ ಸಣ್ಣ ಊರಿಗೆ ಫ್ರೆಂಚ್ ಸೈನ್ಯ ನುಗ್ಗಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ತತ್ವಜ್ಞಾನಿ ಹೆಗೆಲ್‌ಗೆ ಆಗ 36 ವರ್ಷ. ತನ್ನ ಮೊದಲ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನು ಅಚ್ಚಿಗೆಂದು ಕಂತು ಕಂತಾಗಿ ಬಾಂಬೆರ್ಗ್ ಎಂಬ ಊರಿಗೆ ಅಂಚೆಯಲ್ಲಿ ಕಳಿಸಿದ್ದಾನೆ. ಈ ಗಲಾಟೆಯಲ್ಲಿ ಅದು ತಲುಪುತ್ತದೋ ಇಲ್ಲವೋ ಎಂಬ ದಿಗಿಲು. ಅವತ್ತು ಗೆಳೆಯ ನೀಟ್‌ಹಾಮರ್‌ಗೆ ಬರೆದ ಕಾಗದದಲ್ಲಿ ಆ ದಿಗಿಲೂ ಇದೆ, ಒಂದು ಬೆರಗೂ ಇದೆ. ನೆಪೋಲಿಯನ್ ಕುದುರೆ ಏರಿ ಹೋಗುವುದನ್ನು ಕಂಡೆ, ಜಗತ್ತಿನ ಆತ್ಮವನ್ನೇ ಕಂಡ ಹಾಗಾಯಿತು ಎನ್ನುತ್ತಾನೆ. ಊರಿಗೆ ದಂಡೆತ್ತಿ ಬಂದವನ ಬಗ್ಗೆ ಈ ಮಾತು!

ಯಾಕೆಂದರೆ ಹೆಗೆಲ್‌ಗೆ ಚರಿತ್ರೆ ಸುಮ್ನೆ ನಡೆದುಹೋದ ಘಟನೆಗಳ ರಾಶಿ ಅಲ್ಲ. ಅದರೊಳಗೆ ಒಂದು ವಿವೇಕ ಕೆಲಸ ಮಾಡುತ್ತಿದೆ, ಮನುಷ್ಯ ಸ್ವತಂತ್ರ ಎಂಬ ಅರಿವು ನಿಧಾನವಾಗಿ ಬೆಳೆಯುತ್ತಿದೆ. ರಾಜರು, ದಂಡನಾಯಕರು ತಮ್ಮ ಹೆಸರಿಗಾಗಿ ಹೊಡೆದಾಡುತ್ತಾರೆ, ಆದರೆ ಅವರಿಗೇ ಗೊತ್ತಿಲ್ಲದೆ ಆ ದೊಡ್ಡ ಕೆಲಸ ಮುಂದೆ ಸಾಗುತ್ತದೆ.

ಧರ್ಮದ ಮಾತೂ ಇದಕ್ಕೇ ಸೇರುತ್ತದೆ. ಅದೇ ಯೇನಾದಲ್ಲಿ ಫಿಕ್ಟೆ ಎಂಬ ಇನ್ನೊಬ್ಬ ತತ್ವಜ್ಞಾನಿ, ಲೋಕದ ನೈತಿಕ ವ್ಯವಸ್ಥೆಯೇ ದೇವರು ಎಂದು ಬರೆದು, ನಾಸ್ತಿಕ ಅನ್ನಿಸಿಕೊಂಡು, 1799ರಲ್ಲಿ ಕೆಲಸ ಕಳೆದುಕೊಂಡ. ನಮ್ಮ ಕಿವಿಗೆ ಇದು ಅಷ್ಟು ದೊಡ್ಡ ತಪ್ಪಾಗಿ ಕೇಳುವುದಿಲ್ಲ, ಅಲ್ವಾ? ಕನ್ನಡದಲ್ಲಿ ಧರ್ಮ ಎಂದರೆ ಗುಡಿ, ಪೂಜೆಯೂ ಹೌದು, ನ್ಯಾಯವಾಗಿ ನಡೆಯುವುದೂ ಹೌದು. ಹೆಗೆಲ್ ಬೇರೆ ದಾರಿ ಹಿಡಿದ. ಧರ್ಮವೂ ತತ್ವಶಾಸ್ತ್ರವೂ ಹೇಳುವ ಸತ್ಯ ಒಂದೇ, ಧರ್ಮ ಅದನ್ನು ಚಿತ್ರವಾಗಿ, ಕತೆಯಾಗಿ ಹೇಳುತ್ತದೆ, ತತ್ವಶಾಸ್ತ್ರ ವಿಚಾರವಾಗಿ ಹೇಳುತ್ತದೆ ಎಂದ. ಈ ಮಾತು ನನಗೆ ತುಂಬಾ ಇಷ್ಟ.

ಆದರೆ ಒಂದು ಕಡೆ ಅವನ ಜೊತೆ ನನಗೆ ಜಗಳವಿದೆ. ಮುಂದೆ ಬರ್ಲಿನ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಚರಿತ್ರೆಯನ್ನು ಅವನೇ ಕಟುಕನ ಹಲಗೆಗೆ ಹೋಲಿಸುತ್ತಾನೆ. ಜನರ ಸುಖವೆಲ್ಲ ಅಲ್ಲಿ ಬಲಿಯಾಯಿತು ಎನ್ನುತ್ತಾನೆ. ಆಮೇಲೆ, ಇದೆಲ್ಲ ಯಾವ ಗುರಿಗಾಗಿ ಎಂದು ಕೇಳಿ ಮುಂದೆ ಹೋಗಿಬಿಡುತ್ತಾನೆ. ಬಲಿಯಾದವರ ಹತ್ತಿರ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಬರ್ಲಿನ್‌ನ ಅದೇ ಉಪನ್ಯಾಸಗಳಲ್ಲಿ ಭಾರತೀಯರಿಗೆ ಕಾವ್ಯ ಇದೆ, ಚರಿತ್ರೆ ಇಲ್ಲ ಎಂದೂ ಹೇಳಿದ. ಅವನು ತೀರಿಕೊಂಡದ್ದು 1831ರಲ್ಲಿ. ಶಾಸನಗಳ ಸಂಶೋಧಕ ಬಿ. ಎಲ್. ರೈಸ್ ಅವರು ನಮ್ಮ ಕಲ್ಲಿನ ಶಾಸನಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಲು ಶುರುಮಾಡಿದ್ದು 1886ರಲ್ಲಿ. ಆ ಕಲ್ಲುಗಳ ಸುದ್ದಿ ಅವನ ಕಿವಿಗೆ ಬೀಳಲೇ ಇಲ್ಲ.

ನಮ್ಮ ಊರುಗಳ ವೀರಗಲ್ಲನ್ನು ಒಮ್ಮೆ ಹತ್ತಿರ ನಿಂತು ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಕಾಳಗ, ಎಷ್ಟೋ ಸಲ ತುರುಗಳಿಗಾಗಿ ನಡೆದ ಕಾಳಗ. ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಅವನೇ ಕೂತಿದ್ದಾನೆ. ಚರಿತ್ರೆ, ಧರ್ಮ ಎರಡೂ ಒಂದೇ ಕಲ್ಲಿನಲ್ಲಿ, ಚಿತ್ರವಾಗಿ. ಎಷ್ಟೋ ಸಲ ಅವನು ದೊರೆಯಲ್ಲ, ದಂಡನಾಯಕನೂ ಅಲ್ಲ, ಊರಿನ ದನ ಬಿಡಿಸಲು ಹೋಗಿ ಸತ್ತವನು. ಎಷ್ಟೋ ಕಲ್ಲುಗಳಲ್ಲಿ ಪಕ್ಕದಲ್ಲೇ ಅವನ ಹೆಸರನ್ನೂ ಕೆತ್ತಿದ್ದಾರೆ.