ದೀಪ ತಂದರೂ ಹೋಗದ ಹಾವು

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರಲ್ಲ, ಸ್ವಾಮಿಯೂ ಅಲ್ಲ. ಓದುವ ಚಟ ಇರುವವನು, ಅಷ್ಟೇ. ಭ್ರಮೆಯ ಬಗ್ಗೆ ಮಾತಾಡಿ ಅಂತ ನೀವು ಕರೆದಾಗ ನನಗೆ ಮೊದಲು ನೆನಪಾಗಿದ್ದು ಪುಸ್ತಕವಲ್ಲ, ನಮ್ಮ ಸೋದರತ್ತೆಯ ತಾಮ್ರದ ಬಿಂದಿಗೆ.

ಅತ್ತೆಗೆ ಆಗ ಐವತ್ತು ದಾಟಿತ್ತು. ಪಕ್ಕದ ಮನೆಯವರು ನಮ್ಮ ಬಾವಿಗೆ ಏನೋ ಬೆರೆಸುತ್ತಿದ್ದಾರೆ ಅಂತ ಅವರಿಗೆ ಅನ್ನಿಸತೊಡಗಿತು. ದಿನಕ್ಕೆ ನಾಲ್ಕು ಸಲ ಹುಣಸೆಹಣ್ಣು ಹಾಕಿ ಬಿಂದಿಗೆ ತಿಕ್ಕುತ್ತಿದ್ದರು. ಬೆರಳ ಸಂದಿ ಒಡೆದು ಉರಿಯುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಆಮೇಲೆ ಬಾವಿ ನೀರನ್ನೇ ಬಿಟ್ಟರು. ದೇವಸ್ಥಾನದ ಬೋರ್‌ವೆಲ್‌ನಿಂದ ಹೊತ್ತು ತರತೊಡಗಿದರು. ಅಪ್ಪ ಒಂದು ದಿನ ತಡೆಯಲಾರದೆ, ಅಕ್ಕನ ಎದುರೇ ಬಾವಿಯಿಂದ ನೀರು ಸೇದಿ ಒಂದು ಚೊಂಬು ಗಟಗಟ ಕುಡಿದರು. "ನೋಡಕ್ಕಾ, ಏನಾಯ್ತು ನನಗೆ?" ಅಂದರು. ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ನಿನಗ್ಯಾಕೋ ಆಗತ್ತೆ? ಅವರಿಗೆ ಬೇಕಾಗಿರೋದು ನಾನು."

ಇವತ್ತಿನ ನನ್ನ ಮಾತೆಲ್ಲ ಈ ಒಂದು ಉತ್ತರದ ಸುತ್ತಲೇ.

ಕನ್ನಡದಲ್ಲಿ ನಮಗೊಂದು ತೊಡಕಿದೆ. ಯಾರೂ ಇಲ್ಲದಾಗ ಕಿವಿಯಲ್ಲಿ ಬೈಗುಳ ಕೇಳಿಸಿದರೂ ಭ್ರಮೆ ಅನ್ನುತ್ತೇವೆ. ಬಾವಿಗೆ ವಿಷ ಹಾಕಿದ್ದಾರೆ ಅಂತ ನಂಬಿದರೂ ಭ್ರಮೆ. ಈ ಮನೆ, ಹೊಲ, ಮಕ್ಕಳು ಎಲ್ಲ ನನ್ನದು ಅಂದುಕೊಳ್ಳುವುದೂ ಭ್ರಮೆ ಅಂತ ಹರಿಕಥೆಯಲ್ಲಿ ಕೇಳಿದ್ದೇವೆ. ಒಂದೇ ಚೀಲಕ್ಕೆ ಮೂರು ಧಾನ್ಯ ತುಂಬಿಬಿಟ್ಟಿದ್ದೇವೆ. ಹಾಗಾಗಿ ಕಾಯಿಲೆಯವರಿಗೆ ವೇದಾಂತ ಹೇಳುತ್ತೇವೆ, ಭಕ್ತರನ್ನು ಹುಚ್ಚರು ಅನ್ನುತ್ತೇವೆ.

ಹಗ್ಗ ಮತ್ತು ಹಾವಿನ ಕಥೆ ನಿಮಗೆಲ್ಲ ಗೊತ್ತು. ಅದ್ವೈತದ ಹಳೆಯ ಆಚಾರ್ಯ ಗೌಡಪಾದರ ಕಾರಿಕೆಯಲ್ಲೇ, ಅಂದರೆ ಅವರ ಪದ್ಯಗಳಲ್ಲೇ ಇದೆ. ಕತ್ತಲಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಭಯ ಸುಳ್ಳಲ್ಲ, ಹಾವು ಮಾತ್ರ ಸುಳ್ಳು. ಯಾರೋ ದೀಪ ತರುತ್ತಾರೆ. ಹಾವು ಹೋಯಿತು. ಅದನ್ನು ಹೊಡೆದು ಓಡಿಸಬೇಕಾಗಿಲ್ಲ. ಶಂಕರರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಇದನ್ನು ಬಿಡಿಸಿ ಹೇಳುತ್ತಾರೆ: ಅದಲ್ಲದ್ದರಲ್ಲಿ ಅದು ಅನ್ನುವ ಬುದ್ಧಿ. ಇಲ್ಲಿ ಇಡೀ ಭರವಸೆ ನಿಂತಿರುವುದು ದೀಪದ ಮೇಲೆ. ತಿಳಿವಳಿಕೆ ಬಂದರೆ ತಪ್ಪು ತಾನಾಗಿ ಕಳಚಿಕೊಳ್ಳುತ್ತದೆ ಅನ್ನುವುದರ ಮೇಲೆ.

ನಮ್ಮಪ್ಪ ಕುಡಿದ ಆ ಚೊಂಬು ನೀರು ದೀಪವೇ ತಾನೆ? ಹಾವು ಹೋಗಲಿಲ್ಲ. ಬದಲಿಗೆ ಆ ದೀಪವನ್ನೇ ನುಂಗಿ ಇನ್ನಷ್ಟು ದಪ್ಪಗಾಯಿತು.

1913ರಲ್ಲಿ ಕಾರ್ಲ್ ಯಾಸ್ಪರ್ಸ್ ಎಂಬ ಜರ್ಮನ್ ವೈದ್ಯ ಮನೋರೋಗಗಳ ಮೇಲೆ ದೊಡ್ಡ ಪುಸ್ತಕ ಬರೆದ. ಆಮೇಲೆ ವೈದ್ಯಕೀಯ ಬಿಟ್ಟು ತತ್ವಶಾಸ್ತ್ರಕ್ಕೆ ಹೋದವನು. ಇಂಥ ನಂಬಿಕೆಗೆ ಅವನು ಹೇಳಿದ ಗುರುತುಗಳು ಮೂರು. ನಂಬಿದವರಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನ ಇರುವುದಿಲ್ಲ. ಅನುಭವವಾಗಲಿ ವಾದವಾಗಲಿ ಅದನ್ನು ಅಲ್ಲಾಡಿಸುವುದಿಲ್ಲ. ನಂಬಿದ ವಿಷಯ ನಡೆಯಲಾರದ್ದು. ಈ ಮೂರನೆಯದು ಸ್ವಲ್ಪ ಸಡಿಲ ಅಂತ ಅವನಿಗೇ ಗೊತ್ತಿತ್ತು. ಹೆಂಡತಿಯ ಮೇಲೆ ಸಂಶಯದ ಕಾಯಿಲೆ ಹಿಡಿದವನ ಹೆಂಡತಿಗೆ ನಿಜವಾಗಿಯೂ ಬೇರೆ ಸಂಬಂಧ ಇರಬಹುದು. ಆದರೂ ಅವನದು ಕಾಯಿಲೆಯೇ. ಯಾಕೆಂದರೆ ಅವನು ಆ ತೀರ್ಮಾನಕ್ಕೆ ಬಂದದ್ದು ಟವೆಲ್ ಒಣಗಿಸಿದ ರೀತಿ ನೋಡಿ! ಏನು ನಂಬಿದ್ದಾರೆ ಅನ್ನುವುದಕ್ಕಿಂತ ಹೇಗೆ ನಂಬಿದ್ದಾರೆ ಅನ್ನುವುದೇ ಇಲ್ಲಿ ಜಾಸ್ತಿ ಮುಖ್ಯ.

1923ರಲ್ಲಿ ಫ್ರಾನ್ಸಿನ ಜೋಸೆಫ್ ಕಾಪ್‌ಗ್ರಾ ಮತ್ತು ಅವನ ಜೊತೆಗಾರ ಒಬ್ಬ ಹೆಂಗಸಿನ ವಿಷಯ ಬರೆದರು. ತನ್ನ ಗಂಡನನ್ನೂ ಮಕ್ಕಳನ್ನೂ ಕದ್ದೊಯ್ದು, ಅವರಂತೆಯೇ ಇರುವ ಬೇರೆಯವರನ್ನು ತಂದು ನಿಲ್ಲಿಸಿದ್ದಾರೆ ಅನ್ನುತ್ತಿದ್ದಳು ಆಕೆ. ಇಂಥ ಕಾಯಿಲೆಯ ಬಗ್ಗೆ ಈಗ ಒಂದು ವಿವರಣೆ ಇದೆ. ಮುಖ ಗುರುತಿಸುವ ಕೆಲಸ ಸರಿಯಾಗಿಯೇ ನಡೆಯುತ್ತದೆ. ಆದರೆ ಹತ್ತಿರದವರನ್ನು ಕಂಡಾಗ ಒಳಗೆ ಏಳಬೇಕಾದ ಆ ಒಂದು ಮಿಡಿತ ಏಳುವುದಿಲ್ಲ. ಕಣ್ಣು "ಅಮ್ಮ" ಅನ್ನುತ್ತದೆ, ಕರುಳು ಸುಮ್ಮನಿರುತ್ತದೆ. ಹಾಗಾದರೆ ಇವಳು ಅಮ್ಮನ ವೇಷದವಳು ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ನೋಡಿದ ಇಂಥ ಒಬ್ಬ ರೋಗಿ, ಎದುರಿಗಿದ್ದ ತಂದೆ ತಾಯಿಯನ್ನು ಒಪ್ಪುತ್ತಿರಲಿಲ್ಲ. ಫೋನಿನಲ್ಲಿ ದನಿ ಕೇಳಿದರೆ ಒಪ್ಪುತ್ತಿದ್ದ. ನನಗೆ ಇದನ್ನು ಓದಿದಾಗ ಎರಡು ದಿನ ನೆಮ್ಮದಿ ಇರಲಿಲ್ಲ.

ಇನ್ನು ಸಾಹಿತ್ಯ. ಸ್ಪೇನಿನ ಸರ್ವಾಂಟೆಸ್ 1605ರಲ್ಲಿ ಡಾನ್ ಕ್ವಿಕ್ಸೋಟನ ಕಥೆಯ ಮೊದಲ ಭಾಗ ತಂದ. ವೀರರ ಕಥೆ ಓದಿ ಓದಿ ತಲೆಕೆಟ್ಟ ಬಡ ಜಮೀನ್ದಾರ, ಗಾಳಿಗಿರಣಿಗಳನ್ನು ರಾಕ್ಷಸರೆಂದು ತಿಳಿದು ಈಟಿ ಹಿಡಿದು ನುಗ್ಗುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ನೋಡಬೇಕಾದ್ದು ಮುಂದಿನ ಒಂದೆರಡು ಸಾಲು. ಗಿರಣಿಯ ರೆಕ್ಕೆ ಬಡಿದು ಕುದುರೆ ಸಮೇತ ನೆಲಕ್ಕೆ ಉರುಳುತ್ತಾನೆ. ಅವನ ಸೇವಕ ಸಾಂಚೊ ಓಡಿ ಬಂದು, "ಗಿರಣಿ ಅಂತ ಹೇಳಲಿಲ್ವಾ ನಾನು?" ಅನ್ನುತ್ತಾನೆ. ಬಿದ್ದವನ ಉತ್ತರ ಏನು? ಆ ಮಾಂತ್ರಿಕ ಫ್ರೆಸ್ಟನ್ ರಾಕ್ಷಸರನ್ನು ಈಗಷ್ಟೇ ಗಿರಣಿ ಮಾಡಿದ, ನನ್ನ ಗೆಲುವು ಕಸಿಯಲಿಕ್ಕೆ! "ಅವರಿಗೆ ಬೇಕಾಗಿರೋದು ನಾನು" ಅಂದ ನಮ್ಮತ್ತೆಯ ಮಾತೇ ಇದು.

ಈ ಮಾಂತ್ರಿಕ ಬಂದದ್ದೆಲ್ಲಿಂದ ಗೊತ್ತಾ? ಮನೆಯವರಿಂದ. ಊರಿನ ಪಾದ್ರಿ ಮತ್ತು ಕ್ಷೌರಿಕ ಸೇರಿ ಅವನ ಪುಸ್ತಕ ಸುಟ್ಟು, ಪುಸ್ತಕದ ಕೋಣೆಗೆ ಗೋಡೆ ಎತ್ತಿಸುತ್ತಾರೆ. ಅವನು ಕೇಳಿದಾಗ ಮನೆಯ ಹೆಂಗಸರು, ಯಾರೋ ಮಾಂತ್ರಿಕ ಬಂದು ಕೋಣೆ ಹೊತ್ತೊಯ್ದ ಅನ್ನುತ್ತಾರೆ. ವಾಸಿ ಮಾಡಲೆಂದು ಹೇಳಿದ ಸುಳ್ಳು, ಕಾಯಿಲೆಗೆ ಬೇಕಾಗಿದ್ದ ತೊಲೆಯಾಯಿತು. ನಮ್ಮ ಮನೆಗಳಲ್ಲಿ "ಹೌದಮ್ಮಾ, ಮಾಟ ಮಾಡಿಸಿದ್ದಾರೆ, ತೆಗೆಸೋಣ" ಅಂತ ಸಮಾಧಾನ ಹೇಳುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಅತ್ತೆಗೂ ಎರಡು ತಾಯತ ಕಟ್ಟಿಸಿದ್ದೆವು. ತಾಯತ ಕಟ್ಟಿದ ಮೇಲೆ ವಿಷ ಇರುವುದು ಖಾತ್ರಿಯಾಯಿತಲ್ಲ!

ಹಾಗಾದರೆ ಅಕ್ಕಮಹಾದೇವಿ? ಚೆನ್ನಮಲ್ಲಿಕಾರ್ಜುನನೇ ಗಂಡ ಅಂದವಳು, ಗಿಳಿ ಕೋಗಿಲೆಗಳನ್ನು ಅವನನ್ನು ಕಂಡಿರಾ ಅಂತ ಕೇಳಿದವಳು. ಇದೂ ಕಾಯಿಲೆಯೇ ಅಂತ ಕೇಳುವವರಿದ್ದಾರೆ. ತನ್ನ ಸುತ್ತಲಿನ ಜನ ಒಪ್ಪಿದ ನಂಬಿಕೆಯನ್ನು ಕಾಯಿಲೆ ಅನ್ನಬಾರದು ಅನ್ನುವುದು ಮನೋವೈದ್ಯರ ನಿಯಮ. ನನಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆಯಲ್ಲಿ ಅಲ್ಲಮ ಅವಳನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿದ್ದೇಕೆ ಅಂತ ಚುಚ್ಚಿ ಕೇಳುತ್ತಾನೆ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣ ಕಳೆದುಕೊಳ್ಳುವುದಿಲ್ಲ ಅನ್ನುತ್ತಾಳೆ. ಕಂಡರೆ ನಿಮಗೆ ನೋವಾದೀತು ಅಂತ ಮುಚ್ಚಿದೆ ಅನ್ನುತ್ತಾಳೆ. ಗಮನಿಸಿ, ಪ್ರಶ್ನೆ ಕೇಳಿದವನು ಶತ್ರುವಾಗಲಿಲ್ಲ. ಅವಳಿಗೆ ತನ್ನ ಎದುರಿಗಿರುವವರ ಮನಸ್ಸೂ ಕಾಣುತ್ತಿದೆ. ಅತ್ತೆಗೆ ಅಪ್ಪನ ಸಂಕಟ ಕಾಣಲಿಲ್ಲ.

ಔಷಧದ ಮಾತು ಬೇಗ ಮುಗಿಸುತ್ತೇನೆ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೋಮಜಿನ್ ಅನ್ನುವ ಔಷಧ ಇಂಥ ಕಾಯಿಲೆಗೆ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ, "ಇದು ಮುಖ್ಯ, ನೋಡು" ಅಂತ ಎಚ್ಚರಿಸುವ ಕೆಲಸದಲ್ಲೂ ಕೈಯಾಡಿಸುತ್ತದೆ. ಅದು ಹದ ತಪ್ಪಿದರೆ ಪಕ್ಕದ ಮನೆಯವರ ಕೆಮ್ಮೂ ಒಂದು ಸನ್ನೆ. ಮಾತ್ರೆ ಆ ಗಲಾಟೆಯನ್ನು ತಗ್ಗಿಸುತ್ತದೆ. ಎಲ್ಲಿ ಕೇಳಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯನ್ನು ಕೊನೆಗೂ ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಬಾವಿಯ ಸುದ್ದಿಯನ್ನೇ ಎತ್ತಲಿಲ್ಲವಂತೆ. "ರಾತ್ರಿ ನಿದ್ದೆ ಬರತ್ತಾ ಅಮ್ಮಾ? ತುಂಬಾ ಹೆದರಿಕೆ ಆಗತ್ತಾ?" ಅಂತ ಕೇಳಿದರಂತೆ. ಅತ್ತೆ ಅತ್ತುಬಿಟ್ಟರು. ಮಾತ್ರೆ ಶುರುವಾಗಿ ಮೂರ್ನಾಲ್ಕು ತಿಂಗಳಿಗೆ ಮತ್ತೆ ಬಾವಿ ನೀರು ಸೇದತೊಡಗಿದರು.

ನಾನು ಆಗ ಕಾಲೇಜು ಹುಡುಗ, ಅಧಿಕಪ್ರಸಂಗ ಜಾಸ್ತಿ. "ಅತ್ತೆ, ಹಾಗಾದ್ರೆ ಅವರು ಏನೂ ಹಾಕ್ತಿರಲಿಲ್ಲ ಅಲ್ವಾ?" ಅಂತ ಕೇಳಿಬಿಟ್ಟೆ. ಅತ್ತೆ ಬಿಂದಿಗೆ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

"ಈಗ ಹಾಕಲ್ಲ ಅನ್ಸತ್ತೆ ಕಣೋ. ಅವರಿಗೂ ವಯಸ್ಸಾಯ್ತಲ್ಲ."