ಗೊತ್ತಿದ್ದ ಹಾಡು, ಗೊತ್ತಿಲ್ಲದ ಧಾಟಿ

ಕೇಳುಗರಿಗೆಲ್ಲ ನಮಸ್ಕಾರ.

2024ರ ನವೆಂಬರ್ ತಿಂಗಳ ಒಂದು ಸಂಜೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಬಾಗಿಲಲ್ಲಿ ನನ್ನ ಫೋನನ್ನು ಒಂದು ಚೀಲಕ್ಕೆ ಹಾಕಿ ಬೀಗ ಹಾಕಿದರು. ಚೀಲ ನನ್ನ ಕೈಗೇ ಕೊಟ್ಟರು, ಆದರೆ ತೆಗೆಯೋ ಹಾಗಿಲ್ಲ. ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ ಆ ಪ್ರವಾಸದ ಕಾರ್ಯಕ್ರಮ ಅಂದರೆ ಹೀಗೇ. ಫೋಟೋ ಇಲ್ಲ, ವಿಡಿಯೋ ಇಲ್ಲ. ಒಳಗೆ ಸಾವಿರಾರು ಜನ, ಕೈ ಎಲ್ಲಿಡಬೇಕು ಅಂತ ತಿಳಿಯದೆ ಕೂತಿದ್ದೆವು. ಬೇರೆ ದಾರಿ ಕಾಣದೆ ಪಕ್ಕದವರ ಹತ್ತಿರ ಮಾತಾಡಿದೆವು.

ನನ್ನ ಸೀಟು ಬಹಳ ಮೇಲೆ. ವೇದಿಕೆಗಿಂತ ಚಾವಣಿಯೇ ಹತ್ತಿರ. ಅಲ್ಲಿಂದ ದೊಡ್ಡ ದೊಡ್ಡ ತಟ್ಟೆಗಳು ಇಳಿಬಿದ್ದಿವೆ. ಅವನ್ನು ಅಣಬೆ ಅಂತಲೇ ಕರೆಯುತ್ತಾರೆ. 1871ರಲ್ಲಿ ಶುರುವಾದ ಈ ದುಂಡು ಕಟ್ಟಡದಲ್ಲಿ ದನಿ ಗುಮ್ಮಟಕ್ಕೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತಂತೆ. ಅದಕ್ಕೆ ಮದ್ದು ಅಂತ 1969ರಲ್ಲಿ ಇವನ್ನು ತೂಗುಹಾಕಿದರು.

ಪಕ್ಕದಲ್ಲಿ ಎಪ್ಪತ್ತೈದು ವರ್ಷದ ಇಂಗ್ಲಿಷ್ ಅಜ್ಜ. 1966ರ ಮೇನಲ್ಲೂ ಇದೇ ಹಾಲ್‌ಗೆ ಬಂದಿದ್ದರಂತೆ. ಆಗ ಡಿಲನ್ ಮೊದಲರ್ಧ ಒಬ್ಬರೇ ಗಿಟಾರ್ ಹಿಡಿದು ಹಾಡಿದರು. ಎರಡನೇ ಅರ್ಧಕ್ಕೆ ಬ್ಯಾಂಡ್, ಎಲೆಕ್ಟ್ರಿಕ್ ಗಿಟಾರ್, ಕಿವಿ ತೂತಾಗುವ ಸದ್ದು. ಜಾನಪದದ ಹುಡುಗ ಕೆಟ್ಟುಹೋದ ಅಂತ ಒಂದಷ್ಟು ಜನ ಕೂಗಾಡಿದರು, ಕೆಲವರು ಎದ್ದು ಹೋದರು.

"ನೀವೂ ಕೂಗಿದ್ರಾ?" ಅಂತ ಕೇಳಿದೆ.

"ಜೋರಾಗೇ ಕೂಗಿದೆ," ಅಂದರು. ಒಂದು ಚೂರೂ ನಾಚಿಕೆ ಇಲ್ಲ.

ಇಲ್ಲೊಂದು ತಮಾಷೆ ಇದೆ. ಕಾಲೇಜಿನಲ್ಲಿ ನಾನು ಸವೆಯುವಷ್ಟು ಕೇಳಿದ ರೆಕಾರ್ಡಿಂಗ್‌ನಲ್ಲಿ ಒಬ್ಬ ಡಿಲನ್‌ಗೆ "ಜೂಡಾಸ್!" ಅಂತ ಕೂಗುತ್ತಾನೆ. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಆ ರೆಕಾರ್ಡಿಂಗ್ ಮೇಲೆ ಆಲ್ಬರ್ಟ್ ಹಾಲ್ ಅಂತಲೇ ಬರೆದಿತ್ತು. ಆದರೆ ಅದು ನಡೆದದ್ದು ಮ್ಯಾಂಚೆಸ್ಟರ್‌ನಲ್ಲಿ. 1998ರಲ್ಲಿ ಅಧಿಕೃತವಾಗಿ ಬಿಡುಗಡೆಯಾದಾಗಲೂ ಆ ತಪ್ಪು ಹೆಸರನ್ನೇ ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡರು.

ದೀಪ ಆರಿತು. 83 ವರ್ಷದ ಡಿಲನ್ ಬಂದರು. ನನಗೆ ಕಂಡದ್ದು ಪಿಯಾನೋ ಹಿಂದೆ ಒಂದು ತಲೆ, ಅಷ್ಟೇ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರ್ಧದಷ್ಟು ಹಾಡು 2020ರ ಆಲ್ಬಮ್‌ನವು. ಹಳೆಯ ಹಾಡಿಗೆ ಕಾದು ಕೂತವರಿಗೆ ಸ್ವಲ್ಪ ನಿರಾಸೆ ಆಗಿರಬೇಕು. ನನಗೂ ಆಯ್ತು, ಸುಳ್ಳು ಯಾಕೆ ಹೇಳಲಿ?

ಆಮೇಲೆ ಒಂದು ಹಾಡು ಶುರುವಾಯಿತು. ಪಿಯಾನೋ ನಿಧಾನಕ್ಕೆ ತಡವರಿಸುತ್ತಿತ್ತು. ದನಿ ಒರಟು, ಅರ್ಧ ಮಾತು ಅರ್ಧ ಹಾಡು. ಸಾಲನ್ನು ತಡವಾಗಿ ಹಿಡಿಯುತ್ತಾರೆ, ಕೊನೆಯ ಮಾತನ್ನು ಬೇಗ ಬಿಟ್ಟುಬಿಡುತ್ತಾರೆ. ಯಾವ ಹಾಡಪ್ಪಾ ಇದು ಅಂತ ಯೋಚಿಸುತ್ತಿದ್ದೆ. ನಾಲ್ಕನೇ ಸಾಲಿಗೆ ಹೊಳೆಯಿತು. 1965ರ ಹಾಡು. ನನಗೆ ಇಡೀ ಹಾಡು ಬಾಯಿಪಾಠ! ಮೈ ಜುಮ್ಮೆಂದಿತು. ಜೊತೆಗೆ ಸಿಟ್ಟೂ ಬಂತು. ಜೊತೆಗೆ ಗುನುಗೋಣ ಅಂದರೆ ಆಗುತ್ತಿಲ್ಲ. ನಾನು ಹೋದ ಕಡೆ ಅವರಿಲ್ಲ.

ಆಗ ನೆನಪಾದದ್ದು ನಮ್ಮ ಮಾವ. ಕುಂದಾಪುರದ ಕಡೆಯ ಗದ್ದೆಗಳಲ್ಲಿ ಯಕ್ಷಗಾನದ ಆಟ ನೋಡಲು ನನ್ನನ್ನು ಕರೆದೊಯ್ಯುತ್ತಿದ್ದರು. "ಮೊನ್ನೆ ನೋಡಿದ ಪ್ರಸಂಗವೇ ಅಲ್ವಾ ಮಾವ?" ಅಂದರೆ, "ಪ್ರಸಂಗ ಅದೇ ಮಾರಾಯ, ಮೊನ್ನೆಯ ಮಾತು ಇವತ್ತು ಯಾಕೆ ಹೇಳ್ತಾನೆ?" ಅನ್ನುತ್ತಿದ್ದರು. ಪದ್ಯ ಪುಸ್ತಕದ್ದು, ಅರ್ಥ, ಅಂದರೆ ವೇಷಧಾರಿಯ ಮಾತು, ಆ ರಾತ್ರಿಯದು. ಯಕ್ಷಗಾನದಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಇಲ್ಲಿ ಮಾತ್ರ ನಾನು ಕ್ಯಾಸೆಟ್ಟಿನ ಧಾಟಿಯೇ ಬೇಕು ಅಂತ ಹಟ ಹಿಡಿದು ಕೂತಿದ್ದೆ.

ಕೊನೆಯ ಹಾಡಿಗೆ ಮೌತ್ ಆರ್ಗನ್ ತೆಗೆದರು. ಇಡೀ ಹಾಲ್ ಎದ್ದು ನಿಂತಿತು. ಒಂದು ಫೋನೂ ಬೆಳಗಲಿಲ್ಲ. ಆ ಕತ್ತಲು ನನಗೆ ತುಂಬ ಇಷ್ಟವಾಯಿತು.

ಹೊರಗೆ ಚೀಲದ ಬೀಗ ತೆಗೆಸಿಕೊಂಡು ಅಜ್ಜನ ಜೊತೆ ಸೌತ್ ಕೆನ್ಸಿಂಗ್ಟನ್ ಸ್ಟೇಷನ್ ಕಡೆ ನಡೆದೆ. ಅವರು ಆ 1965ರ ಹಾಡನ್ನು ಗುನುಗತೊಡಗಿದರು, ಹಳೇ ಧಾಟಿಯಲ್ಲೇ. ನಾನು ಈಗಷ್ಟೇ ಕೇಳಿದ ಹಾಗೆ ಒಂದು ಸಾಲು ಎತ್ತಿದೆ. ಅಜ್ಜ ತಕ್ಷಣ ನಿಂತರು.

"ಹಾಗಲ್ಲ ಅದು," ಅಂದರು.