ಪಪ್ಪಾಯಿ ಹಾಲು, ಓಮದ ಹರಳು ಮತ್ತು ಹೊಟ್ಟೆಯ ಹುಳು

ಕೇಳುಗರಿಗೆ ನಮಸ್ಕಾರ.

ಜಂತುಹುಳುವಿಗೆ ಮನೆಮದ್ದು ಏನು ಅಂತ ನಮ್ಮ ಊರುಗಳಲ್ಲಿ ಕೇಳಿ ನೋಡಿ, ಉತ್ತರಕ್ಕೆ ಬರವೇ ಇಲ್ಲ. ಒಬ್ಬರು ಪಪ್ಪಾಯಿ ಬೀಜ ಅನ್ನುತ್ತಾರೆ. ಇನ್ನೊಬ್ಬರು ಮುತ್ತುಗದ ಬೀಜ. ಮತ್ತೊಬ್ಬರು ವಾಯುವಿಡಂಗ, ಓಮ, ಬೇವು, ದಾಳಿಂಬೆ ಬೇರಿನ ತೊಗಟೆ. ಇದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಇವುಗಳಲ್ಲಿ ಹಲವಕ್ಕೆ ಹುಳು ಕೊಲ್ಲುವ ಶಕ್ತಿ ನಿಜಕ್ಕೂ ಇದೆ. ಆದರೆ ಹುಳು ಕೊಲ್ಲುವುದು ಅಷ್ಟು ದೊಡ್ಡ ಕೆಲಸವಲ್ಲ. ಹೊಟ್ಟೆಯೊಳಗೆ ಕೂತಿರುವ ಹುಳುವನ್ನು, ಆ ಹೊಟ್ಟೆಯ ಯಜಮಾನನಿಗೆ ಏನೂ ಆಗದ ಹಾಗೆ ಕೊಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ.

ನಾನು ಪಶುವೈದ್ಯ. ಹಾಗಾಗಿ ಕುರಿಯಿಂದ ಶುರು ಮಾಡುತ್ತೇನೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ಮಳೆಗಾಲದಲ್ಲಿ ಇವುಗಳ ದೊಡ್ಡ ಶತ್ರು ಹಿಮಾಂಕಸ್ ಅನ್ನುವ ಹುಳು. ಉದ್ದ ಎರಡು ಮೂರು ಸೆಂಟಿಮೀಟರ್ ಅಷ್ಟೆ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಕುಡಿಯುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಕುರಿಯ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದುತ್ತದೆ. ಕೆಲವು ಕುರಿಗಳು ಅಷ್ಟೂ ತಡೆಯದೆ ಬಿದ್ದೇ ಹೋಗುತ್ತವೆ.

ಔಷಧಿ ಇಲ್ಲವೇ? ಇದೆ. 1961ರಲ್ಲಿ ಥಯಾಬೆಂಡಜೋಲ್ ಬಂತು. ನಾವೆಲ್ಲ ಬಲ್ಲ ಆಲ್ಬೆಂಡಜೋಲ್ ಕೂಡ ಅದೇ ಮನೆತನದ್ದು. ಆದರೆ ಥಯಾಬೆಂಡಜೋಲ್ ಬಂದ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಅದಕ್ಕೆ ಬಗ್ಗದ ಹಿಮಾಂಕಸ್ ಕಾಣಿಸಿಕೊಂಡಿತು. ಈ ಔಷಧಿಗಳು ಹುಳುವಿನ ಟ್ಯೂಬ್ಯುಲಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಆ ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾದರೂ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಮುಂದೆ ಐವರ್ಮೆಕ್ಟಿನ್ ಬಂತು, ಅದಕ್ಕೂ ಇದೇ ಗತಿ ಆಯಿತು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಮೊನೆಪ್ಯಾಂಟೆಲ್ ಅನ್ನುವ ಹೊಚ್ಚ ಹೊಸ ಔಷಧಿ ಮಾರಾಟಕ್ಕೆ ಬಂತು. 2013ರ ಹೊತ್ತಿಗೆ ಅಲ್ಲೇ ಅದಕ್ಕೂ ಜಗ್ಗದ ಹುಳುಗಳ ವರದಿ ಬಂತು. ನಾಲ್ಕೇ ವರ್ಷ!

ಮನುಷ್ಯರ ಕಥೆ ಇಷ್ಟು ಕೆಟ್ಟಿಲ್ಲ. ಆದರೂ ನೆಮ್ಮದಿಯಾಗಿ ಇರುವ ಹಾಗಿಲ್ಲ. ಮಣ್ಣಿನಿಂದ ಹರಡುವ ಜಂತುಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಂಡುಹುಳುವಿಗೆ ಆಲ್ಬೆಂಡಜೋಲ್ ಚೆನ್ನಾಗಿ ನಾಟುತ್ತದೆ. ಚಾಟಿಹುಳು ಅಂತ ಇನ್ನೊಂದಿದೆ, ಅದು ತನ್ನ ದಾರದಂಥ ತಲೆಯ ಕಡೆಯನ್ನು ದೊಡ್ಡ ಕರುಳಿನ ಪದರದೊಳಗೆ ಹೊಲಿದುಕೊಂಡು ಕೂರುತ್ತದೆ. ಒಂದು ಮಾತ್ರೆಯಿಂದ ಅದು ಪೂರ್ತಿ ಹೋಗುವುದು ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಹೊಸ ಔಷಧಿ ಬೇಕು ಅನ್ನುವುದು ಅದಕ್ಕೇ. ಹೊಸದನ್ನು ಹುಡುಕುವವರು ಗಿಡಗಳ ಕಡೆ ತಿರುಗುವುದೂ ಅದಕ್ಕೇ.

ಸರಿ, ಒಂದು ಗಿಡವನ್ನು ಪರೀಕ್ಷೆ ಮಾಡುವುದು ಹೇಗೆ? ನಮ್ಮ ದೇಶದ ಔಷಧ ವಿಜ್ಞಾನದ ಕಾಲೇಜುಗಳಲ್ಲಿ ತುಂಬಾ ಬಳಕೆಯಲ್ಲಿರುವ ಒಂದು ವಿಧಾನ ಇದೆ. ಎಲೆಯನ್ನೋ ಬೀಜವನ್ನೋ ಪುಡಿ ಮಾಡಿ ಸಾರ ತೆಗೆಯುತ್ತಾರೆ. ಒಂದು ಗಾಜಿನ ತಟ್ಟೆಯಲ್ಲಿ ಆ ಸಾರ ಹಾಕಿ ಎರೆಹುಳು ಬಿಡುತ್ತಾರೆ. ಎಷ್ಟು ನಿಮಿಷಕ್ಕೆ ಹುಳು ಅಲ್ಲಾಡುವುದು ನಿಲ್ಲಿಸಿತು, ಎಷ್ಟು ನಿಮಿಷಕ್ಕೆ ಸತ್ತಿತು ಅಂತ ಬರೆದುಕೊಳ್ಳುತ್ತಾರೆ. ಪಕ್ಕದ ತಟ್ಟೆಯಲ್ಲಿ ಆಲ್ಬೆಂಡಜೋಲ್. ಗಿಡದ ಸಾರ ಬೇಗ ಕೊಂದರೆ, ನೋಡಿ, ಮಾತ್ರೆಗಿಂತ ನಮ್ಮ ಗಿಡವೇ ಮೇಲು ಅಂತ ಪ್ರಬಂಧ ಸಿದ್ಧ.

ಈ ಪ್ರಬಂಧಗಳನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಎರೆಹುಳು ಮಣ್ಣಿನ ಜೀವಿ, ಜಂತುಹುಳುವಿನ ಹತ್ತಿರದ ನೆಂಟ ಅಲ್ಲವೇ ಅಲ್ಲ. ಅದರ ಚರ್ಮ ಒದ್ದೆ, ತೆಳು. ಜಂತುಹುಳುವಿನ ಮೈಮೇಲೆ ಗಟ್ಟಿ ಹೊದಿಕೆ. ಉಪ್ಪು ಉದುರಿಸಿದರೂ ಎರೆಹುಳು ಸಾಯುತ್ತದೆ. ಹಾಗಂತ ಉಪ್ಪು ಜಂತಿನ ಔಷಧಿ ಆಗುತ್ತದಾ? ಇನ್ನು ಪ್ರಮಾಣ ನೋಡಿ. ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಸಾರ ಹಾಕಿದಾಗ ಹುಳು ಸತ್ತಿತು ಅಂದುಕೊಳ್ಳಿ. ಕರುಳಿನಲ್ಲಿ ಒಂದು ಲೀಟರ್ ದ್ರವ ಇದ್ದರೆ ಅಷ್ಟೇ ಗಾಢವಾಗಲು 50 ಗ್ರಾಂ ಸಾರ ನುಂಗಬೇಕು. ಅಷ್ಟು ಸಾರ ತೆಗೆಯಲು ಎಷ್ಟು ಬುಟ್ಟಿ ಎಲೆ ಬೇಕು, ನೀವೇ ಲೆಕ್ಕ ಹಾಕಿ. ಆಲ್ಬೆಂಡಜೋಲ್ ಮಾತ್ರೆ ಇರುವುದು 400 ಮಿಲಿಗ್ರಾಂ.

ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಕುರಿಯ ಹಿಕ್ಕೆಯಿಂದ ಹಿಮಾಂಕಸ್ ಮೊಟ್ಟೆ ಬೇರೆ ಮಾಡಿ, ಸಾರದಲ್ಲಿ ಅವು ಒಡೆದು ಮರಿ ಆಗುತ್ತವೆಯೇ ಅಂತ ನೋಡಬಹುದು. ಮರಿಗಳ ಓಡಾಟವನ್ನು ಯಂತ್ರದಲ್ಲಿ ಅಳೆಯಬಹುದು. ಇದೆಲ್ಲ ಮೊದಲ ಜರಡಿ ಮಾತ್ರ. ಆಮೇಲೆ ಇಲಿ, ಆಮೇಲೆ ಕುರಿ. ತಟ್ಟೆಯಲ್ಲಿ ಗೆದ್ದವು ಜಾಸ್ತಿ ಸೋಲುವುದು ಈ ಕೊನೆಯ ಎರಡು ಮೆಟ್ಟಿಲಲ್ಲಿ.

ನಮ್ಮ ಅಡುಗೆಮನೆಯ ಓಮವನ್ನೇ ತೆಗೆದುಕೊಳ್ಳಿ. ಅದರ ಎಣ್ಣೆಯಿಂದ ಬರುವ ಹರಳು ಥೈಮಾಲ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದು ಸುಮ್ನೆ ಮನೆಮದ್ದಾಗಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳು ಹೊಡೆಯಲು ರಾಕ್‌ಫೆಲರ್ ಆಯೋಗ 1909ರಿಂದ 1914ರವರೆಗೆ ನಡೆಸಿದ ದೊಡ್ಡ ಕಾರ್ಯಕ್ರಮದ ಮುಖ್ಯ ಔಷಧಿಯೇ ಥೈಮಾಲ್. ಆಗ ಭಾರತದ ಓಮ ಜರ್ಮನಿಗೆ ಹಡಗಿನಲ್ಲಿ ಹೋಗುತ್ತಿತ್ತು, ಅಲ್ಲಿ ಥೈಮಾಲ್ ತೆಗೆಯುತ್ತಿದ್ದರು. ಔಷಧಿ ಕೊಡುವ ಕ್ರಮ ಮಾತ್ರ ಭಯಂಕರ. ಮೊದಲು ಭೇದಿಯ ಉಪ್ಪು, ಆಮೇಲೆ ಥೈಮಾಲ್ ತುಂಬಿದ ಗುಳಿಗೆ, ಮತ್ತೆ ಭೇದಿಯ ಉಪ್ಪು. ಆ ದಿನ ಎಣ್ಣೆ, ಬೆಣ್ಣೆ, ಹೆಂಡ ಯಾವುದೂ ಮುಟ್ಟುವಂತಿಲ್ಲ. ಯಾಕೆ ಗೊತ್ತಾ? ಜಿಡ್ಡಿನಲ್ಲಿ, ಹೆಂಡದಲ್ಲಿ ಥೈಮಾಲ್ ಕರಗುತ್ತದೆ. ಕರಗಿದರೆ ಹುಳುವಿನ ಹತ್ತಿರ ಹೋಗುವುದನ್ನು ಬಿಟ್ಟು ರೋಗಿಯ ರಕ್ತಕ್ಕೆ ಸೇರಿ ವಿಷವಾಗುತ್ತದೆ. ಆಮೇಲೆ ಅದರ ಜಾಗಕ್ಕೆ ಚೀನೋಪೋಡಿಯಂ ಗಿಡದ ಎಣ್ಣೆ ಬಂತು. ಅದರಿಂದ ರೋಗಿಗಳು ಸತ್ತದ್ದೂ ಇದೆ. ಮಾಚಿಪತ್ರೆಯ ಕುಲದ ಒಂದು ಗಿಡದಿಂದ ಸ್ಯಾಂಟೋನಿನ್ ತೆಗೆಯುತ್ತಿದ್ದರು, ಅದನ್ನು ತಿಂದ ಕೆಲವರಿಗೆ ಕಂಡದ್ದೆಲ್ಲ ಹಳದಿಯಾಗಿ ಕಾಣುತ್ತಿತ್ತು. ಮಾತ್ರೆಗಳ ಕಾಲ ಬಂದ ಮೇಲೆ ಇವೆಲ್ಲ ಮೂಲೆಗೆ ಸೇರಿದವು. ಆಶ್ಚರ್ಯ ಏನಿಲ್ಲ. ಗಿಡದ ಮದ್ದು ಅಂದರೆ ಅಡ್ಡ ಪರಿಣಾಮ ಇಲ್ಲ ಅನ್ನುವವರಿಗೆ ನಾನು ಹೇಳುವುದು ಈ ಕಥೆಯನ್ನೇ.

ಥೈಮಾಲನ್ನು ಈಗ ಮತ್ತೆ ಹೊರಗೆ ತೆಗೆದಿದ್ದಾರೆ. ಬ್ರೆಜಿಲ್‌ನಲ್ಲಿ ಅದನ್ನು ಸ್ವಲ್ಪ ಮಾರ್ಪಡಿಸಿ, ವಿಷ ಕಡಿಮೆ ಮಾಡಿ, ಕುರಿಗಳಿಗೆ ಕೊಟ್ಟು ನೋಡಿದ್ದಾರೆ. ತಟ್ಟೆಯಲ್ಲಿ ಮೊಟ್ಟೆ ಒಡೆಯುವುದನ್ನು ಚೆನ್ನಾಗಿ ತಡೆಯಿತು. ಕುರಿಯಲ್ಲಿ ಹಿಕ್ಕೆಯ ಮೊಟ್ಟೆ ಇಳಿಯಿತು, ಆದರೆ ಸಾಲುವಷ್ಟು ಇಳಿಯಲಿಲ್ಲ.

ಮುತ್ತುಗದ ಬೀಜದಲ್ಲಿ ಪಲಾಸೋನಿನ್ ಇದೆ. ಮೈಮೇಲೆ ಬೊಬ್ಬೆ ಏಳಿಸುವ ಒಂದು ಜಾತಿಯ ಜೀರುಂಡೆಯಲ್ಲಿರುವ ಕ್ಯಾಂಥರಿಡಿನ್ ವಿಷಕ್ಕೆ ಇದು ತೀರಾ ಹತ್ತಿರದ ಸಂಬಂಧಿ. ಮುತ್ತುಗದ ಎಲೆಯಲ್ಲಿ ಊಟ ಮಾಡಿ, ತೊಂದರೆ ಇಲ್ಲ. ಬೀಜವನ್ನು ಮಾತ್ರ ಅಂದಾಜಿನಲ್ಲಿ ಅರೆದು ಮಕ್ಕಳಿಗೆ ಕುಡಿಸಬೇಡಿ. ಅಡಿಕೆಯ ಅರೆಕೋಲಿನ್ ಕೂಡ ಲಾಡಿಹುಳುವನ್ನು ನಿಸ್ತೇಜಗೊಳಿಸುತ್ತದೆ. ನ್ಯೂಜಿಲೆಂಡಿನಲ್ಲಿ ನಾಯಿಗಳಿಗೆ ವರ್ಷಗಟ್ಟಲೆ ಅದನ್ನೇ ಕೊಡುತ್ತಿದ್ದರು. ಮಲೆನಾಡಿನ ಕೇಳುಗರು ಇದನ್ನು ಕೇಳಿ ಎಲೆಯಡಿಕೆಗೆ ಹೊಸ ಸಮರ್ಥನೆ ಸಿಕ್ಕಿತು ಅಂದುಕೊಳ್ಳಬೇಡಿ. ಅಡಿಕೆ ಜಗಿಯುವುದು ಕ್ಯಾನ್ಸರ್ ತರುತ್ತದೆ ಅನ್ನುವುದು ಬಹಳ ಹಿಂದೆಯೇ ಖಚಿತವಾಗಿದೆ.

ನನಗೆ ನಿಜಕ್ಕೂ ಆಸೆ ಹುಟ್ಟಿಸಿದ್ದು ಪಪ್ಪಾಯಿ, ಅದರಲ್ಲೂ ಕಾಯಿ ಗೀರಿದಾಗ ಬರುವ ಹಾಲು. ಮಟನ್ ಬೇಗ ಬೇಯಲಿ ಅಂತ ಪಪ್ಪಾಯಿ ಕಾಯಿಯ ತುಂಡು ಹಾಕುತ್ತೇವೆ ಅಲ್ವಾ? ಅದರ ಹಾಲಿನಲ್ಲಿರುವ ಪಪೇನ್ ಮತ್ತು ಅದರ ಜೊತೆಗಿನ ಕಿಣ್ವಗಳು ಪ್ರೋಟೀನನ್ನು ಕತ್ತರಿಸುತ್ತವೆ. ಜಂತುಹುಳುವಿನ ಹೊದಿಕೆಯೂ ಪ್ರೋಟೀನೇ. ಹುಳು ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ, ಒಳಗಿನ ದ್ರವದ ಒತ್ತಡದಲ್ಲೇ ನೆಟ್ಟಗೆ ನಿಂತಿರುತ್ತದೆ. ಹೊದಿಕೆ ಸವೆದರೆ ಅಲ್ಲಲ್ಲಿ ಗುಳ್ಳೆ ಎದ್ದು ಕೊನೆಗೆ ಒಡೆಯುತ್ತದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜೆರ್ಜಿ ಬೆಹ್ನ್‌ಕೆ, ಶೆಫೀಲ್ಡಿನ ಡೇವಿಡ್ ಬಟಲ್ ಮತ್ತು ಅವರ ಜೊತೆಗಾರರು 2004ರ ಸುಮಾರಿನಿಂದ ಇದರ ಹಿಂದೆ ಬಿದ್ದಿದ್ದಾರೆ. ಆಲ್ಬೆಂಡಜೋಲ್ ನಾಟುವ ಜಾಗವೇ ಬೇರೆ, ಇದು ನಾಟುವ ಜಾಗವೇ ಬೇರೆ. ಹಾಗಾಗಿ ಹಳೆಯ ಔಷಧಿಗೆ ಬಗ್ಗದ ಹುಳು ಇದಕ್ಕೆ ಬಗ್ಗಬಹುದು. ಇಲಿಗಳ ಚಾಟಿಹುಳುವಿನ ಮೇಲೆ ಇದು ಕೆಲಸ ಮಾಡಿತು. 2011ರಲ್ಲಿ ಕುರಿಗಳಿಗೆ ಪಪ್ಪಾಯಿ ಹಾಲು ಕುಡಿಸಿ ಹಿಮಾಂಕಸ್ ಕಡಿಮೆಯಾದದ್ದನ್ನೂ ತೋರಿಸಿದರು.

ತೊಡಕು ಇಲ್ಲ ಅಂತಲ್ಲ. ಕಿಣ್ವ ತಾನೂ ಪ್ರೋಟೀನೇ, ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಕೆಡುತ್ತದೆ. ಕರುಳಿನ ಕೊನೆಯಲ್ಲಿರುವ ಚಾಟಿಹುಳುವಿನವರೆಗೆ ಅದನ್ನು ಹುಷಾರಾಗಿ ತಲುಪಿಸಬೇಕು. ಒಂದು ಮರದ ಹಾಲಿನ ಕಸುವು ಇನ್ನೊಂದು ಮರದ್ದಕ್ಕೆ ಇರುವುದಿಲ್ಲ, ಆದ್ದರಿಂದ ಲೋಟದಲ್ಲಿ ಅಳೆದರೆ ಸಾಲದು, ಕಿಣ್ವದ ಚುರುಕನ್ನೇ ಅಳೆಯಬೇಕು. ಬೀಜದ ಮಾತು ಬೇರೆ. ಬೀಜದಲ್ಲಿ ಕೆಲಸ ಮಾಡುವುದು ಸಾಸಿವೆಯ ಘಾಟಿನ ಜಾತಿಗೆ ಸೇರಿದ ಒಂದು ರಾಸಾಯನಿಕ. ನೈಜೀರಿಯಾದಲ್ಲಿ ಕರುಳಿನ ಪರೋಪಜೀವಿಗಳಿದ್ದ 60 ಮಕ್ಕಳಲ್ಲಿ ಅರ್ಧ ಜನಕ್ಕೆ ಒಣಗಿಸಿದ ಪಪ್ಪಾಯಿ ಬೀಜವನ್ನು ಜೇನಿನಲ್ಲಿ ಕೊಟ್ಟರು, ಉಳಿದರ್ಧಕ್ಕೆ ಬರೀ ಜೇನು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೀಜ ತಿಂದ 30 ಮಕ್ಕಳಲ್ಲಿ 23 ಮಂದಿಯ ಮಲ ಶುದ್ಧವಾಯಿತು, ಜೇನು ತಿಂದವರಲ್ಲಿ 5 ಮಂದಿಯದು. ಚೆನ್ನಾಗಿದೆ. ಆದರೆ ಮೂವತ್ತು ಮಕ್ಕಳ ಲೆಕ್ಕ ನಂಬಿ ಊರಿಗೆಲ್ಲ ಔಷಧಿ ಹಂಚಲು ಆಗುವುದಿಲ್ಲ. ಮುಂದಿನ ಹೆಜ್ಜೆಗೆ ಸಾವಿರಾರು ಮಕ್ಕಳು ಬೇಕು, ಕೋಟಿಗಟ್ಟಲೆ ಹಣ ಬೇಕು. ಜಂತುಹುಳು ಬಡವರ ಕಾಯಿಲೆ, ಪಪ್ಪಾಯಿ ಎಲ್ಲರ ಹಿತ್ತಲಿನ ಗಿಡ. ಲಾಭ ನೋಡುವ ಕಂಪನಿ ಇದಕ್ಕೆ ಯಾಕೆ ಹಣ ಹಾಕುತ್ತದೆ ಹೇಳಿ?

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಸುಮಾರಿಗೆ ಕೊಡುವ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಕುರಿ ಸಾಕುವವರಿಗೆ ಇನ್ನೊಂದು ಮಾತು. ಔಷಧಿ ಕುಡಿಸುವ ಮೊದಲು ಹತ್ತಾರು ಕುರಿಗಳ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಕೊಡಿ. ಕುಡಿಸಿ ಎರಡು ವಾರ ಆದ ಮೇಲೆ ಅವೇ ಕುರಿಗಳದ್ದನ್ನು ಮತ್ತೆ ಕೊಡಿ. ಮೊಟ್ಟೆಯ ಎಣಿಕೆ ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ಆ ಔಷಧಿಯನ್ನು ಬದಲಾಯಿಸಬೇಕು. ಅಂಗಡಿಯಿಂದ ತಂದ ಬಾಟಲಿಯಾಗಲಿ, ಹಿತ್ತಲಿನಿಂದ ಕಿತ್ತ ಸೊಪ್ಪಾಗಲಿ, ಲೆಕ್ಕ ಇದೇ.

ನಮಸ್ಕಾರ.